ಹೊಟ್ಟಿನ ಪ್ರತಿಪತ್ತಿ

ಅಡುಗೆ ಅನಿಲದ ಸಿಲಿಂಡರು ಮನೆಮನೆಗೂ ಬರುವುದಕ್ಕೆ ಮುಂಚೆ, ಸೌದೆಯ ಬೆಲೆ ಕೈಗೆಟುಕದಂತಾದ ವರ್ಷಗಳಲ್ಲೆಲ್ಲ, ನಮ್ಮ ಹಿತ್ತಲ ಜಗಲಿಯಲ್ಲಿ ತಗಡಿನದೊಂದು ಹೊಟ್ಟಿನ ಒಲೆ ಉರಿಯುತ್ತಿತ್ತು. ಅದನ್ನು ತುಂಬುವ ಅಧಿಕಾರ ನಮ್ಮ ಸೋದರತ್ತೆಯದು. ಇನ್ನೊಬ್ಬರು ತುಂಬಿದರೆ ಅರ್ಧಕ್ಕೇ ಕುಸಿಯುತ್ತದೆಂಬುದು ಆಕೆಯ ಸಿದ್ಧಾಂತ, ನಾವು ಹುಡುಗರು ಎರಡು ಮೂರು ಸಲ ಪ್ರಯತ್ನಿಸಿ ಆ ಸಿದ್ಧಾಂತಕ್ಕೆ ಸಾಕಷ್ಟು ಪ್ರಮಾಣವನ್ನು ಒದಗಿಸಿಯೂ ಇದ್ದೆವು. ಒಲೆಯ ಮಧ್ಯದಲ್ಲಿ ಖಾಲಿ ಸೀಸೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಬುಡದ ಕಿಂಡಿಯಿಂದ ಒಂದು ಉರುಟು ಕೋಲನ್ನು ಆ ಸೀಸೆಯ ತಳಕ್ಕೆ ತಾಗುವಂತೆ ತೂರಿಸಿ, ಸುತ್ತಲೂ ಮರದ ಹೊಟ್ಟನ್ನು ಹಿಡಿಹಿಡಿಯಾಗಿ ಸುರಿದು, ಪ್ರತಿ ಹಿಡಿಯನ್ನೂ ಮುಷ್ಟಿಯಿಂದ ಗುದ್ದಿ ಬಿಗಿಮಾಡಿ, ಕಂಠದವರೆಗೆ ತುಂಬಿದ ಮೇಲೆ ಆಕೆ ಉಸಿರು ಬಿಗಿಹಿಡಿದು ಸೀಸೆಯನ್ನು ತಿರುವುತ್ತ ತಿರುವುತ್ತ ಮೇಲಕ್ಕೆಳೆಯುತ್ತಿದ್ದಳು. ಸೀಸೆಯೂ ಕೋಲೂ ಹೊರಬಂದು, ಒಳಗಿನ ಬಾವಿಯಂಥ ಪೊಳ್ಳು ಕುಸಿಯದೆ ನಿಂತಿತೋ, ಆ ದಿನದ ಅಡುಗೆ ನಿರ್ವಿಘ್ನ. ಕಿಂಡಿಯಲ್ಲಿ ಒಂದು ಚೂರು ಕಾಗದವನ್ನು ಹೊತ್ತಿಸಿದರೆ ಬೆಂಕಿಯು ಆ ಪೊಳ್ಳಿನ ಗೋಡೆಯನ್ನು ಒಳಗಿನಿಂದ ಹೊರಕ್ಕೆ ನಿಧಾನವಾಗಿ ತಿನ್ನುತ್ತ ಹೋಗಿ, ಅನ್ನ, ಹುಳಿ, ಸ್ನಾನದ ನೀರು ಮೂರನ್ನೂ ಮುಗಿಸಿಕೊಡುತ್ತಿತ್ತು. ಹೊಟ್ಟು ಒದ್ದೆಯಾಗಿದ್ದರೆ ಮಾತ್ರ ಮನೆಯೆಲ್ಲ ಹೊಗೆ.

ಮರದ ಮಿಲ್ಲಿನಿಂದ ಗೋಣಿಚೀಲದಲ್ಲಿ ಹೊಟ್ಟನ್ನು ಹೊತ್ತು ತರುವುದು ನನ್ನ ಪಾಲಿನ ಕೆಲಸ. ಮಿಲ್ಲಿನ ಹಿಂದೆ ಗುಡ್ಡದಂತೆ ಬಿದ್ದಿದ್ದ ಆ ರಾಶಿಯನ್ನು ದಿನವೂ ನೋಡಿ ನೋಡಿ ಒಂದು ಸಂಜೆ ನಾನು, "ಅತ್ತೆ, ಈ ಹೊಟ್ಟಿಗೋಸ್ಕರ ಎಷ್ಟು ಮರ ಕುಯ್ತಾರೆ?" ಎಂದು ಕೇಳಿದೆ. ಆಕೆ ಸೀಸೆಯನ್ನು ಬಿಟ್ಟು ನಕ್ಕಳು. "ಹೊಟ್ಟಿಗೋಸ್ಕರ ಯಾರಾದರೂ ಮರ ಕುಯ್ಸ್ತಾರೇನೋ ಹುಚ್ಚಪ್ಪ! ಅದು ತಾನಾಗಿ ಉದುರೋದು." ಬಹುಕಾಲದ ಮೇಲೆ, ಹಿರಿಯ ಪಂಡಿತರೊಬ್ಬರ ಮುಂದೆ ಕುಳಿತು ಪೂರ್ವಮೀಮಾಂಸೆಯ ನಾಲ್ಕನೆಯ ಅಧ್ಯಾಯವನ್ನು ಓದುತ್ತಿದ್ದಾಗ, ನನ್ನ ಅಂದಿನ ಪ್ರಶ್ನೆಯೂ ಸೋದರತ್ತೆಯ ಉತ್ತರವೂ ಜೈಮಿನಿಯ ಸೂತ್ರಗಳಲ್ಲಿ, ಶಬರಸ್ವಾಮಿಯ ಭಾಷ್ಯದಲ್ಲಿ, ಪೂರ್ವಪಕ್ಷ ಸಿದ್ಧಾಂತಗಳ ಉಡುಪನ್ನು ತೊಟ್ಟು ಕುಳಿತಿರುವುದನ್ನು ಕಂಡು ನನಗೂ ನಗು ಬಂದಿತು.

ಅಲ್ಲಿಯ ವಿಷಯ ಹೀಗಿದೆ. ಪಶುಯಾಗಕ್ಕೆ ಯೂಪಸ್ತಂಭ ಬೇಕು. ಅದಕ್ಕಾಗಿ ಮರವನ್ನು ಕಡಿದು ಕೆತ್ತಬೇಕು. ಹಾಗೆ ಕೆತ್ತುವಾಗ ಮೊಟ್ಟಮೊದಲು ಸಿಡಿದು ಬೀಳುವ ಚಕ್ಕೆಗೆ ‘ಸ್ವರು’ ಎಂದು ಹೆಸರು. ಈ ಚಕ್ಕೆಯನ್ನು ಬಿಸುಡುವಂತಿಲ್ಲ. ಅದಕ್ಕೆ ತುಪ್ಪವನ್ನು ಹಚ್ಚಿ ಪಶುವಿನ ಮೈಗೆ ಸವರುವ ವಿಧಿಯುಂಟು, ಯೂಪಕ್ಕೆ ಸುತ್ತಿದ ಹಗ್ಗದೊಳಗೆ ಅದನ್ನು ಸಿಕ್ಕಿಸಿಡುವುದುಂಟು, ಕಡೆಯಲ್ಲಿ ಅದನ್ನು ಅಗ್ನಿಗೆ ಅರ್ಪಿಸುವುದೂ ಉಂಟು. ಇಷ್ಟೆಲ್ಲ ಉಪಯೋಗವಿರುವ, ತನ್ನದೇ ಹೆಸರನ್ನೂ ಪಡೆದಿರುವ ವಸ್ತುವಿಗೆ ಸ್ವತಂತ್ರವಾಗಿ ಬೇರೊಂದು ಮರವನ್ನು ಏಕೆ ಕಡಿಯಬಾರದೆಂದು ಪೂರ್ವಪಕ್ಷ. ಕಡಿಯುವ ಕರ್ಮವು ಯೂಪದ ಸಲುವಾಗಿ ಪ್ರವೃತ್ತವಾದದ್ದು, ಸ್ವರುವು ಆ ಕರ್ಮದ ದಾರಿಯಲ್ಲಿ ದೊರೆತದ್ದು, ಕೊಡಲಿಯನ್ನು ಎತ್ತಿಸುವ ಶಕ್ತಿ ಅದಕ್ಕಿಲ್ಲವೆಂದು ಸಿದ್ಧಾಂತ. ಶಾಸ್ತ್ರದ ಮಾತಿನಲ್ಲಿ ಹೇಳಬೇಕಾದರೆ ಯೂಪವು ಪ್ರಯೋಜಕ, ಸ್ವರುವು ಅಪ್ರಯೋಜಕ. ಈಗಿನ ಕನ್ನಡದಲ್ಲಿ ಅಪ್ರಯೋಜಕನೆಂದರೆ ಮನೆಯವರು ಬೈಯುವ ಮಾತಾಗಿಬಿಟ್ಟಿದೆ. ಮೀಮಾಂಸಕನ ಬಾಯಲ್ಲಿ ಅದು ನಿಂದೆಯಲ್ಲ, ತನಗೋಸ್ಕರ ಕರ್ಮವನ್ನು ಹೊರಡಿಸಲಾರದ್ದು ಎಂದಷ್ಟೇ ಅದರ ಅರ್ಥ.

ಇದರ ನೆರೆಯಲ್ಲಿಯೇ ಇರುವ ಆಮಿಕ್ಷೆಯ ವಿಚಾರ ಇನ್ನೂ ಸೊಗಸಾದದ್ದು. ಚಾತುರ್ಮಾಸ್ಯದ ವೈಶ್ವದೇವಪರ್ವದಲ್ಲಿ ಕಾದ ಹಾಲಿಗೆ ಮೊಸರನ್ನು ಬೆರೆಸಿದರೆ ಗಟ್ಟಿಯಾಗುವ ಭಾಗ ಆಮಿಕ್ಷೆ, ಅದು ವಿಶ್ವೇದೇವರಿಗೆ. ಬೇರ್ಪಟ್ಟು ನಿಲ್ಲುವ ನೀರು ವಾಜಿನ, ಅದು ವಾಜಿಗಳೆಂಬ ದೇವತೆಗಳಿಗೆ. ಹಾಲನ್ನು ಒಡೆಸಿದ್ದು ಆಮಿಕ್ಷೆಗಾಗಿಯೇ ಹೊರತು ವಾಜಿನಕ್ಕಾಗಿ ಅಲ್ಲ. ವಾಜಿನವು ಚೆಲ್ಲಿಹೋದರೆ ಅದರ ಸಲುವಾಗಿ ಮತ್ತೊಮ್ಮೆ ಹಾಲನ್ನು ಒಡೆಸಬೇಕಾಗಿಲ್ಲ. ಹೀಗಿದ್ದರೂ ಯಾರೂ ಬೇಡದೆ ಉಳಿದ ಆ ನೀರಿಗೆ ಶ್ರುತಿಯು ಪ್ರತ್ಯೇಕವಾಗಿ ದೇವತೆಯನ್ನು ಗೊತ್ತುಮಾಡಿಕೊಟ್ಟಿತಲ್ಲ, ಅಲ್ಲಿ ನನ್ನ ಮನಸ್ಸು ನಿಲ್ಲುತ್ತದೆ.

ನಾವು ಸಂಕಲ್ಪಿಸದೆ ಇದ್ದರೂ ನಮ್ಮ ಕರ್ಮದಿಂದಲೇ ಹುಟ್ಟಿಬಿಡುವ ವಸ್ತುವಿಗೂ ನಮಗೂ ಏನು ಸಂಬಂಧ? ಫಲಾಪೇಕ್ಷೆಯನ್ನು ತೊರೆಯಬೇಕೆಂದು ಗೀತೆ ಬೋಧಿಸುತ್ತದೆ. ಆ ಬೋಧೆ ಬಯಸಿದ ಫಲಕ್ಕೆ ಸಂಬಂಧಪಟ್ಟದ್ದು. ಬಯಸದೆ ಕಾಲಬುಡದಲ್ಲಿ ಬಂದು ಬಿದ್ದ ಫಲವನ್ನು ತೊರೆಯುವುದರಲ್ಲಿ ಏನು ಹೆಚ್ಚುಗಾರಿಕೆಯಿದೆ? ಅದನ್ನು ಎಲ್ಲರೂ ಹೇಗೂ ತೊರೆಯುತ್ತಾರೆ, ಕೆರೆಯ ಏರಿಯ ಮೇಲೆ, ರಾತ್ರಿಯ ಹೊತ್ತಿನಲ್ಲಿ.

ಹೊಟ್ಟು ಎಂಬ ಒಂದೇ ಪದವನ್ನು ನಾವು ಬತ್ತದ ಸಿಪ್ಪೆಗೂ ಗರಗಸದ ಪುಡಿಗೂ ಬಳಸುತ್ತೇವೆ. ಬತ್ತದ ಹೊಟ್ಟಾದರೋ ಕಾಳು ಬಲಿಯುವ ತನಕ ಅದನ್ನು ಕಾಪಾಡಿದ ಕವಚ. ಗರಗಸದ ಹೊಟ್ಟಿಗೆ ಅಂಥ ಪೂರ್ವಪುಣ್ಯವಿಲ್ಲ, ಅದು ಕ್ಷಣದ ಹಿಂದೆ ಹಲಗೆಯಷ್ಟೇ ಗೌರವಸ್ಥವಾದ ಮರವಾಗಿತ್ತು. ಅಲಗು ಮರದೊಳಗೆ ಸಿಕ್ಕಿಕೊಳ್ಳಬಾರದೆಂದು ಗರಗಸದ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತುಸುವೇ ಬಾಗಿಸಿರುತ್ತಾರೆ. ಆದಕಾರಣ ಸೀಳಿನ ಅಗಲ ಅಲಗಿನ ದಪ್ಪಕ್ಕಿಂತ ಯಾವಾಗಲೂ ಹೆಚ್ಚು, ಆ ಅಗಲಕ್ಕೆ ಸಿಕ್ಕಿದ ಮರವೆಲ್ಲ ಈ ಕಡೆಯ ಹಲಗೆಗೂ ಸೇರದೆ ಆ ಕಡೆಯದಕ್ಕೂ ಸೇರದೆ ಪುಡಿಯಾಗುತ್ತದೆ. ಕೈಗರಗಸದ ದಿನಗಳಲ್ಲಿ ದಿಮ್ಮಿಯ ಮೇಲೆ ನಿಂತವನೊಬ್ಬ, ಕೆಳಗಿನ ಗುಂಡಿಯಲ್ಲಿ ನಿಂತವನೊಬ್ಬ, ಇಬ್ಬರು ಎಳೆಯುತ್ತಿದ್ದರು. ಹಲಗೆಯ ನೇರವನ್ನು ನೋಡುವ ಗೌರವ ಮೇಲಿನವನಿಗೆ, ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೆ.

ಲೋಕವು ಈ ಪುಡಿಗೆ ಕಲ್ಪಿಸಿಕೊಂಡಿರುವ ಉಪಯೋಗಗಳು ಹಲವು. ಐಸಿನ ಗಡ್ಡೆಯ ಮೇಲೆ ಹೊಟ್ಟನ್ನು ಹರಡಿ ಗೋಣಿ ಹೊದಿಸಿದರೆ ಬಿಸಿಲಿನ ಊರಿನಲ್ಲಿಯೂ ಅದು ಬೇಗ ಕರಗುವುದಿಲ್ಲ. 19ನೆಯ ಶತಮಾನದ ಅಮೆರಿಕದ ವರ್ತಕರು ತಮ್ಮ ಕೊಳಗಳ ಹಿಮವನ್ನು ಹೀಗೆಯೇ ಹೊಟ್ಟಿನಲ್ಲಿ ಹುದುಗಿಸಿ ದೂರದೂರಕ್ಕೆ ಸಾಗಿಸುತ್ತಿದ್ದರು. ಆ ಹಿಮವನ್ನು ಇಡುವುದಕ್ಕೆಂದು ಮದರಾಸಿನ ಕಡಲ ದಂಡೆಯಲ್ಲಿ ಕಟ್ಟಿಸಿದ ಮನೆಯಲ್ಲಿಯೇ, ಆ ವ್ಯಾಪಾರ ಅಳಿದ ಮೇಲೆ, 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಕೆಲವು ದಿನ ಇಳಿದುಕೊಂಡಿದ್ದರು. ಹೊಟ್ಟಿಗೆ ಬಣ್ಣ ಕಟ್ಟಿ ರಂಗೋಲಿಗೆ ತುಂಬುತ್ತಾರೆ, ಕೊಟ್ಟಿಗೆಯ ನೆಲಕ್ಕೆ ಹಾಸುತ್ತಾರೆ, ಎಣ್ಣೆ ಚೆಲ್ಲಿದಲ್ಲಿ ಎರಚುತ್ತಾರೆ. ಮೈಸೂರು, ಬೆಂಗಳೂರುಗಳಲ್ಲಿ ಮರದ ಪುಡಿಯನ್ನು ಇದ್ದಿಲಿನ ಪುಡಿಯೊಂದಿಗೆ, ಜಿಗಟಿನೊಂದಿಗೆ ಕಲಸಿ, ಬಿದಿರಿನ ಕಡ್ಡಿಗೆ ಹೊಸೆದು, ಊದುಬತ್ತಿ ಮಾಡುತ್ತಾರೆ. ಗರಗಸದಡಿಯಲ್ಲಿ ಬಿದ್ದದ್ದು ಹೀಗೆ ದೇವರ ಮುಂದೆ ಹೋಗಿ ಬೂದಿಯಾಗುತ್ತದೆ.

ಹೊಲದ ಸಂಗತಿ ಮಾತ್ರ ಬೇರೆ. ಮರದ ಪದಾರ್ಥವಲ್ಲವೆ, ಮಣ್ಣಿಗೆ ಒಳ್ಳೆಯದೇ ಇರಬೇಕೆಂದು ಹಸಿ ಹೊಟ್ಟನ್ನು ನೇರವಾಗಿ ಪಾತಿಗೆ ಬೆರೆಸಿದವರು, ನಾನೂ ಅವರಲ್ಲೊಬ್ಬ, ಗಿಡಗಳು ಹಳದಿಗಟ್ಟುವುದನ್ನು ನೋಡಿ ಬೆಪ್ಪಾಗುತ್ತಾರೆ. ಹೊಟ್ಟಿನಲ್ಲಿ ಇಂಗಾಲ ಅತಿಯಾಗಿಯೂ ಸಾರಜನಕ ಅತ್ಯಲ್ಪವಾಗಿಯೂ ಇರುವುದರಿಂದ, ಅದನ್ನು ಕೊಳೆಯಿಸಲು ಹೊರಟ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಸೆಳೆದುಕೊಂಡು ಬೆಳೆಯನ್ನು ಉಪವಾಸ ಕೆಡಹುತ್ತವೆ. ಸಗಣಿ ಗಂಜಲಗಳೊಡನೆ ಗುಂಡಿಯಲ್ಲಿ ತಿಂಗಳುಗಟ್ಟಲೆ ಕಳಿತ ಮೇಲೆಯೇ ಅದು ಗೊಬ್ಬರವೆಂಬ ಹೆಸರಿಗೆ ಅರ್ಹ. ಎಲ್ಲಿ ಬೇಕಾದರೂ ಎಸೆದರೆ ಸಲ್ಲುವ ವಸ್ತುವಲ್ಲ ಅದು; ಅದಕ್ಕೂ ಒಂದು ಸ್ಥಾನ ಬೇಕು, ಒಂದು ಕಾಲ ಬೇಕು.

ಈ ಸ್ಥಾನಕ್ಕೆ ಮೀಮಾಂಸಕರು ಕೊಟ್ಟ ಹೆಸರು ಪ್ರತಿಪತ್ತಿ. ದೀಕ್ಷಿತನಾದ ಯಜಮಾನನು ಮೈ ತುರಿಸಿಕೊಳ್ಳುವುದಕ್ಕೆ ಕೃಷ್ಣಮೃಗದ ಕೊಂಬೊಂದನ್ನು ಇಟ್ಟುಕೊಂಡಿರುತ್ತಾನೆ. ದಕ್ಷಿಣೆಯನ್ನು ಕೊಟ್ಟಾದ ಮೇಲೆ ಅದನ್ನು ಚಾತ್ವಾಲವೆಂಬ ಗುಂಡಿಯಲ್ಲಿ ಹಾಕಬೇಕು. ಹಾಗೆ ಹಾಕುವುದರಿಂದ ಬೇರೆ ಯಾವುದಾದರೂ ಫಲವುಂಟೋ ಎಂದು ಶಾಸ್ತ್ರವು ವಿಚಾರಿಸಿ, ಇಲ್ಲ, ಕೆಲಸ ಮುಗಿಸಿದ ವಸ್ತುವನ್ನು ತಕ್ಕ ಎಡೆಗೆ ಸೇರಿಸುವುದೇ ಅಲ್ಲಿಯ ಅರ್ಥವೆಂದು ನಿರ್ಣಯಿಸುತ್ತದೆ. ಲಾಭವಿಲ್ಲದಿದ್ದರೂ ಅದು ವಿಧಿ. ನಮ್ಮ ಕಾಲದವರು ಶೇಷವಸ್ತುವಿನ ಸದುಪಯೋಗವೆಂದು ಹೇಳುವಾಗ ಮೊದಲು ಲಾಭವನ್ನು ಲೆಕ್ಕಹಾಕಿ, ಲಾಭವಿಲ್ಲವೆಂದು ತಿಳಿದೊಡನೆ ಅದನ್ನು ಕೆರೆಗೆ ಸುರಿಯುತ್ತಾರೆ. ಉಪಯೋಗಕ್ಕೂ ಪ್ರತಿಪತ್ತಿಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಉಳಿದದ್ದು ಯಾರದೆಂಬ ಪ್ರಶ್ನೆಗೆ ಐತರೇಯ ಬ್ರಾಹ್ಮಣದಲ್ಲಿ ಒಂದು ಕಥೆಯಿದೆ. ಮನುವಿನ ಮಗ ನಾಭಾನೇದಿಷ್ಠನಿಗೆ ಅಣ್ಣಂದಿರು ಪಾಲು ಕೊಡದೆ ಆಸ್ತಿಯನ್ನು ಹಂಚಿಕೊಂಡುಬಿಡುತ್ತಾರೆ. ತಂದೆಯ ಮಾತಿನಂತೆ ಅವನು ಅಂಗಿರಸರ ಸತ್ರಕ್ಕೆ ಹೋಗಿ ಅವರಿಗೆ ನೆರವಾಗಿ, ಅವರು ಬಿಟ್ಟುಹೋದ ಸಾವಿರ ಗೋವುಗಳನ್ನು ಒಟ್ಟುಗೂಡಿಸುತ್ತಿರುವಾಗ, ಕಪ್ಪು ಬಟ್ಟೆಯುಟ್ಟ ಪುರುಷನೊಬ್ಬನು ಬಡಗಣ ದಿಕ್ಕಿನಿಂದ ಎದ್ದು ಬಂದು, ಯಜ್ಞಭೂಮಿಯಲ್ಲಿ ಉಳಿದದ್ದೆಲ್ಲ ತನ್ನದೆಂದು ತಡೆಯುತ್ತಾನೆ. ಹುಡುಗ ಮರಳಿ ತಂದೆಯನ್ನು ಕೇಳುತ್ತಾನೆ. ಮನುವು, ಹೌದು, ಅದು ಅವನದೇ ಎನ್ನುತ್ತಾನೆ. ಹುಡುಗ ಬಂದು ಆ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದಾಗ, ಸತ್ಯವನ್ನು ಆಡಿದೆಯೆಂದು ಮೆಚ್ಚಿ, ರುದ್ರನೇ ಆಗಿದ್ದ ಆ ಪುರುಷನು ಎಲ್ಲವನ್ನೂ ಅವನಿಗೇ ಬಿಟ್ಟುಕೊಡುತ್ತಾನೆ. ಈ ಕಥೆಯನ್ನು ನಾನು ಓದಿಕೊಳ್ಳುವುದು ಹೀಗೆ: ಶೇಷಕ್ಕೆ ಒಡೆಯನಿಲ್ಲವೆಂದು ಯಾರೂ ಭಾವಿಸಕೂಡದು, ಒಡೆಯನು ಕಾಣಿಸದಿರಬಹುದು, ಕಂಡಾಗ ಭಯಂಕರನಾಗಿರಬಹುದು, ಕೇಳಿ ತೆಗೆದುಕೊಂಡವನಿಗೆ ಮಾತ್ರ ಅದು ದಕ್ಕುತ್ತದೆ.

ದಕ್ಕದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಅದರ ಒಂದೊಂದು ತುಣುಕೂ ಸರ್ಕಾರದ ಲೆಕ್ಕಕ್ಕೆ ಬಂದಿತು. ಗಂಧದ ಕೋಠಿಗಳಲ್ಲಿ ಮರವನ್ನು 18 ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ವಿಲಾಯತಿ ಬುದ್ಧ್ ಎಂಬ ದೊಡ್ಡ ಕೊರಡುಗಳಿಂದ ಮೊದಲಾಗಿ, ಬೇರುಗಳನ್ನೂ ಚೂರುಗಳನ್ನೂ ದಾಟಿ, ಹತ್ತರಿಯಿಂದ ತೆಗೆದ ಸಿಪ್ಪೆಗೆ ಹತ್ರಿ ಚಿಲ್ಟಾ ಎಂಬ ದರ್ಜೆ, ಕಟ್ಟಕಡೆಯ ದರ್ಜೆ ಗರಗಸದ ಪುಡಿಗೆ. 1916ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ಇಳಿಸತೊಡಗಿದ ಬಳಿಕ ಸಣ್ಣ ಚೂರಿಗೂ ಭಟ್ಟಿಯ ದಾರಿ ತೆರೆಯಿತು. ಪುಡಿಗೂ ಬೆಲೆ ಕಟ್ಟಿದ ಈ ಶ್ರದ್ಧೆಯನ್ನು ಕಂಡು ಮೊದಮೊದಲು ನಾನು ಬಹಳ ಮೆಚ್ಚಿಕೊಂಡಿದ್ದೆ. ಈಚೆಗೆ ಆ ಮೆಚ್ಚಿಗೆ ಅಳುಕುತ್ತಿದೆ. ಪುಡಿಯವರೆಗೂ ಹಣವೇ ಆದ ಮರವನ್ನು ಕಳ್ಳನು ಬೇರುಸಹಿತ ಕೀಳುತ್ತಾನೆ, ಎಳೆಯದೋ ಬಲಿತದ್ದೋ ನೋಡುವುದಿಲ್ಲ. ಅಪ್ರಯೋಜಕವಾಗಿರಬೇಕಾದದ್ದು ಪ್ರಯೋಜಕವಾಗಿ ನಿಂತು ಕೊಡಲಿಯನ್ನು ಕರೆಯುತ್ತದೆ. ವಾಜಿನಕ್ಕಾಗಿ ಹಾಲನ್ನು ಒಡೆಸಿದ ಹಾಗಾಯಿತು. ಏನೂ ವ್ಯರ್ಥವಾಗುತ್ತಿಲ್ಲವೆಂಬ ಸಮಾಧಾನದಿಂದ ಇನ್ನಷ್ಟು ಕಡಿಯುವವನಿಗೂ ಈ ಕಳ್ಳನಿಗೂ ನಾನು ಹೆಚ್ಚು ಅಂತರವನ್ನು ಕಾಣೆ.

12ನೆಯ ಶತಮಾನದ ಕಲ್ಯಾಣದಲ್ಲಿ ಈ ಅಪಾಯವನ್ನು ಅರಿತ ಹೆಂಗಸೊಬ್ಬಳಿದ್ದಳು. ಆಯ್ದಕ್ಕಿ ಮಾರಯ್ಯನ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಇದು ನಮ್ಮ ಅಳತೆಯನ್ನು ಮೀರಿತು, ಮಿಕ್ಕದ್ದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಚೆಲ್ಲಿದ್ದನ್ನು ಆಯುವುದು ಕಾಯಕ. ಆಯುವವನಿದ್ದಾನೆಂದು ತಿಳಿದು ಹೆಚ್ಚು ಚೆಲ್ಲತೊಡಗಿದರೆ ಅದು ಬೇರೊಂದು ವ್ಯವಹಾರವೆಂಬುದನ್ನು ಆಕೆ ಯಾವ ಸೂತ್ರಭಾಷ್ಯದ ನೆರವೂ ಇಲ್ಲದೆ ಕಂಡುಕೊಂಡಿದ್ದಳು. ನಮ್ಮ ಸೋದರತ್ತೆಯೂ ಒಂದು ಒಲೆಗೆ ಬೇಕಾದಷ್ಟನ್ನೇ ತರಿಸುತ್ತಿದ್ದಳು. ಅದಕ್ಕೆ ಕಾರಣ ವೈರಾಗ್ಯವೋ, ಮನೆಯಲ್ಲಿ ಜಾಗವಿಲ್ಲದ್ದೋ, ಈಗ ಕೇಳುವಂತಿಲ್ಲ.

ಹೋದ ತಿಂಗಳು ನಮ್ಮ ನಡುಮನೆಯ ತೇಗದ ಬಾಗಿಲು ತಿರುಗಣಿಯ ಬಳಿ ಬಿರಿದಿತ್ತು. ಮುದಿ ಆಚಾರಿಯೊಬ್ಬನು ಬಂದು, ಬಾಗಿಲ ಅಡಿಯಂಚನ್ನು ಉಪ್ಪುಕಾಗದದಿಂದ ಬಹಳ ಹೊತ್ತು ತಿಕ್ಕಿ, ಉದುರಿದ ಕೆಂಗಂದು ಪುಡಿಯನ್ನು ಪತ್ರಿಕೆಯ ಹಾಳೆಯ ಮೇಲೆ ಹಿಡಿದು, ಗೋಂದಿನಲ್ಲಿ ಕಲಸತೊಡಗಿದನು. ಪಕ್ಕದಲ್ಲಿ ಹಲಸಿನ ಹಲಗೆಯಿಂದ ಉದುರಿದ ಹೊಟ್ಟು ಬೇಕಾದಷ್ಟು ಬಿದ್ದಿತ್ತು. "ಇದನ್ನೇ ಹಾಕಬಹುದಲ್ಲ, ಆಚಾರ್ರೆ?" ಎಂದೆ. ಅವನು ತಲೆಯೆತ್ತದೆ, "ಆಗೋದಿಲ್ಲ ಸ್ವಾಮಿ, ಬಣ್ಣ ಎದ್ದು ಕಾಣ್ತದೆ. ಇದರ ಬಿರುಕಿಗೆ ಇದರದೇ ಪುಡಿ ಆಗಬೇಕು" ಎಂದು ಹೇಳಿ, ಆ ಕಣಕವನ್ನು ಉಳಿಯ ತುದಿಯಿಂದ ಸೀಳಿಗೆ ತುಂಬಿ, ಹೆಬ್ಬೆರಳಿನಿಂದ ನೀವಿ ಸಮಮಾಡಿದನು. ಇನ್ನೂ ಒಂದು ಚಿಟಿಕೆಯಷ್ಟು ಪುಡಿ ಉಳಿದಿತ್ತು. ಅದನ್ನು ಹಾಳೆಯ ಚೂರಿನಲ್ಲಿ ವಿಭೂತಿಯ ಪೊಟ್ಟಣದಂತೆ ಮಡಿಸಿ, ಮಳೆಗಾಲ ಕಳೆದ ಮೇಲೆ ಮತ್ತೆ ಬಿರಿದರೆ ಬೇಕಾದೀತೆಂದು ನನ್ನ ಕೈಗೆ ಕೊಟ್ಟನು. ಪೊಟ್ಟಣ ನನ್ನ ಮೇಜಿನ ಖಾನೆಯಲ್ಲಿದೆ.