ಸಾಕಿದ ಕಪ್ಪೆಯ ಕಣ್ಣು

ಕಪ್ಪೆಯ ಕಣ್ಣಿಗೆ ಔಷಧ ಮಾಡಿಸಬೇಕೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಮನೆಯ ಹಿರಿಯರ ಕಣ್ಣಿಗೇ ಸಾಲದ ದುಡ್ಡು ಕಪ್ಪೆಗೆಲ್ಲಿಂದ ಬರಬೇಕು? ನಗು ಸಹಜವೇ. ಆದರೆ ಈ ಪ್ರಶ್ನೆ ನಗುವಿನಲ್ಲಿ ಮುಗಿಯುವಂಥದಲ್ಲವೆಂದು ನಮಗೆ ತೋರುತ್ತದೆ.

ಶಂಶಾಬಾದಿನಲ್ಲಿ ನಮ್ಮವರ ಮನೆಯೊಂದರ ಮಕ್ಕಳು ಹೋದ ಮಳೆಗಾಲದಲ್ಲಿ ಕಪ್ಪೆಯೊಂದನ್ನು ತಂದು ಗಾಜಿನ ತೊಟ್ಟಿಯಲ್ಲಿ ಸಾಕಿದರು. ೨೦೦೮ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆಯ ಹೊಲಗಳು ನಿವೇಶನಗಳಾಗುತ್ತ ಬಂದಿವೆ. ಮಳೆನೀರು ನಿಂತ ಗುಂಡಿಗಳಲ್ಲಿ ಕಪ್ಪೆ ಇನ್ನೂ ವಟಗುಟ್ಟುತ್ತದೆ. (ತೆಲುಗರ ಮಕ್ಕಳಿಗೆ ಅದು ‘ಕಪ್ಪ’, ನಮ್ಮವಕ್ಕೆ ‘ಕಪ್ಪೆ’, ಭಾಷಾಜಗಳಕ್ಕೆ ಇಲ್ಲಿ ಎಡೆಯೇ ಇಲ್ಲ.) ಕೆಲವು ತಿಂಗಳಲ್ಲಿ ಅದರ ಒಂದು ಕಣ್ಣಿನ ಮೇಲೆ ಹಾಲಿನಂಥ ಪೊರೆ ಕಟ್ಟಿತು. ‘ಹೊರಗೆ ಬಿಟ್ಟುಬಿಡಿ, ಅದರ ಹಣೆಬರಹ’ ಎಂದರು ಅಜ್ಜಿ. ಮಕ್ಕಳು ಒಪ್ಪಲಿಲ್ಲ.

ಕಪ್ಪೆಗೆ ಕಣ್ಣು ಬರಿಯ ನೋಟದ ಅಂಗವಲ್ಲ. ನುಂಗುವಾಗ ಕಣ್ಣುಗುಡ್ಡೆಗಳು ಒಳಕ್ಕಿಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ೧೯೫೯ರಲ್ಲಿ ಅಮೆರಿಕದ ಲೆಟ್ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣಿನ ನರಗಳನ್ನು ಪರೀಕ್ಷಿಸಿ, ಕೆಲವು ನರಗಳು ಚಲಿಸುವ ಸಣ್ಣ ವಸ್ತುವಿಗೆ ವಿಶೇಷವಾಗಿ ಓಗೊಡುತ್ತವೆಂದು ತೋರಿಸಿದರು. ಅಲುಗದ ಆಹಾರದ ನಡುವೆ ಕುಳಿತ ಕಪ್ಪೆ ಉಪವಾಸವೇ ಸಾಯಬಹುದು. ಹಾಗಿರುವಾಗ ಕಣ್ಣು ಹೋಯಿತೆಂದರೆ ಊಟ ಹೋಯಿತೆಂದೇ ಅರ್ಥ.

ಈ ಪೊರೆಗೆ ಕಾರಣಗಳಾದರೋ ಹಲವು. ಗಾಜಿಗೆ ಹಾರಿ ಹಾರಿ ಬಡಿದ ಗಾಯ, ಕೊಳೆತ ನೀರಿನ ಸೋಂಕು, ಎ ಜೀವಸತ್ವದ ಕೊರತೆ, ಕೆಲವು ಜಾತಿಗಳಲ್ಲಿ ಕೊಬ್ಬಿನ ಆಹಾರ ಹೆಚ್ಚಾಗಿ ಕಣ್ಣಿನಲ್ಲೇ ಕೊಬ್ಬು ಕಟ್ಟುವುದು. ಗುಂಡಿಯ ಕಪ್ಪೆಗೂ ಗಾಯವಾಗುತ್ತದೆ, ನಿಜ. ಆದರೆ ಇವುಗಳಲ್ಲಿ ಬಹುಪಾಲು ತೊಟ್ಟಿಯ ಸಂಸಾರದ ಫಲ. ಗಾಜನ್ನು ಇಟ್ಟವರು ನಾವು, ನೀರು ಬದಲಿಸಬೇಕಾದವರು ನಾವು. ಇದನ್ನು ಹಣೆಬರಹವೆನ್ನುವುದು ಹೇಗೆ?

ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆ ಶಂಕರನನ್ನು ನೋಡಿದವರಿಗೆ ಆ ಕಥೆ ಗೊತ್ತು. ಬಿಸಿಲಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಹಾವು ಹೆಡೆಯ ನೆರಳು ಹಿಡಿಯಿತಂತೆ. ಅದನ್ನು ಕಂಡೇ ಶಂಕರಾಚಾರ್ಯರು ಅಲ್ಲಿ ನೆಲೆನಿಂತರಂತೆ. ಅದು ದಯೆ. ಕಪ್ಪೆಯನ್ನು ಹಾವು ಹಿಡಿದು ತಂದಿರಲಿಲ್ಲ. ನೆರಳು ಕೊಡದಿದ್ದರೂ ಯಾರೂ ಕೇಳುವಂತಿರಲಿಲ್ಲ. ಮಕ್ಕಳ ಕಪ್ಪೆಯ ವಿಷಯ ಹಾಗಲ್ಲ. ಅದರ ಗುಂಡಿ, ಹುಳು, ಕೆಸರು ಎಲ್ಲವನ್ನೂ ಕಿತ್ತುಕೊಂಡವರು ಅದಕ್ಕೆ ಕೊಡಬೇಕಾದದ್ದು ದಯೆಯಲ್ಲ, ಬಾಕಿ. ಕಚೇರಿಯ ಲೆಕ್ಕದಲ್ಲಿ ದಾನಕ್ಕೂ ಬಾಕಿಗೂ ಇರುವ ಅಂತರ ನಮಗೆ ಚೆನ್ನಾಗಿ ಗೊತ್ತು.

‘ಎಷ್ಟು ಕಪ್ಪೆಗಳನ್ನು ಕೊಯ್ದೇ ನೀವು ಬಿ.ಎಸ್ಸಿ. ಆದದ್ದು?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಒಂದು ಕಾಲದಲ್ಲಿ ನಮ್ಮ ದೇಶ ಕಪ್ಪೆಯ ಕಾಲುಗಳನ್ನು ಹಡಗುಗಟ್ಟಲೆ ಹೊರಕ್ಕೆ ಕಳಿಸುತ್ತಿತ್ತು. ಅದು ೧೯೮೭ರಲ್ಲಿ ನಿಂತಿತು. ತೆಲಂಗಾಣದ ಹಳ್ಳಿಗಳಲ್ಲಿ ಮಳೆ ಬಾರದಾಗ ಒನಕೆಗೆ ಕಪ್ಪೆ ಕಟ್ಟಿ, ಬೇವಿನ ಸೊಪ್ಪು ಹೊದಿಸಿ, ಮನೆಮನೆಗೆ ಹೊತ್ತು ನೀರು ಹುಯ್ಯಿಸುವ ಕಪ್ಪತಲ್ಲಿಯ ಆಟವಿದೆ. ಇಷ್ಟು ಕಪ್ಪೆಗಳ ಕಥೆ ಹೀಗಿರುವಾಗ ಒಂದರ ಕಣ್ಣಿಗೆ ಇಷ್ಟು ಮಾತೇಕೆ? ಸಾವಿರ ಜನಕ್ಕೆ ಸಾಲ ತೀರಿಸದವನು ಸಾವಿರದೊಂದನೆಯವನಿಗೂ ಕೊಡಬೇಕಾಗಿಲ್ಲವೆಂದು ವಾದಿಸಿದರೆ ನಾವು ಒಪ್ಪುತ್ತೇವೆಯೆ?

ಬಿಟ್ಟುಬಿಡುವುದರಲ್ಲಿ ಇನ್ನೊಂದು ತೊಡಕಿದೆ. ಅರೆಗುರುಡು ಕಪ್ಪೆ ಹೊರಗೆ ಹಾವಿಗೋ ಕೊಕ್ಕರೆಗೋ ತುತ್ತು. ತೊಟ್ಟಿಯ ರೋಗ ಗುಂಡಿಯ ಉಳಿದ ಕಪ್ಪೆಗಳಿಗೂ ತಗಲಬಹುದು. ಬಿಡುಗಡೆಯ ಹೆಸರಿನಲ್ಲಿ ಅದು ಕೈತೊಳೆದುಕೊಳ್ಳುವುದೇ ಸರಿ.

ಆದರೆ ಬಾಕಿ ತೀರಿಸುವ ಆತುರದಲ್ಲಿ ಮನೆಯ ಕಣ್ಣಿನ ಹನಿಗಳನ್ನು ಹಾಕತಕ್ಕದ್ದಲ್ಲ. ಕಪ್ಪೆಯ ಚರ್ಮ ಮದ್ದನ್ನು ಹೀರಿಕೊಳ್ಳುತ್ತದೆ. ನಮಗೆ ಒಂದು ಹನಿಯಾದದ್ದು ಅದಕ್ಕೆ ಮಿತಿಮೀರಬಹುದು. ಹುಣ್ಣಿದ್ದರೆ ಸ್ಟೀರಾಯ್ಡ್ ಹನಿಗಳು ಕಣ್ಣನ್ನೇ ಕೆಡಿಸುತ್ತವೆ. ಕ್ಲೋರಿನ್ ಬೆರೆಸಿದ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಬಳಸಬೇಕು. ಇಂಥ ಪ್ರಾಣಿಗಳನ್ನು ನೋಡಿ ಬಲ್ಲ ಪಶುವೈದ್ಯರನ್ನು ಹುಡುಕಬೇಕು. ಆ ಮನೆಯವರು ನಗರದಲ್ಲಿ ಒಬ್ಬರನ್ನು ಕಂಡುಕೊಂಡರು. ಪೊರೆ ಪೂರ್ತಿ ಹೋಗಲಿಕ್ಕಿಲ್ಲವೆಂದು ವೈದ್ಯರು ಹೇಳಿದ್ದಾರೆ. ಈಗ ದೊಡ್ಡ ಹುಡುಗಿ ದಿನ ಬಿಟ್ಟು ದಿನ ಚಿಮಟದಲ್ಲಿ ಎರೆಹುಳು ಹಿಡಿದು, ಒಳ್ಳೆಯ ಕಣ್ಣಿನ ಕಡೆಯಿಂದ ಅಲುಗಿಸುತ್ತಾಳೆ. ರಜೆಗೆ ಊರಿಗೆ ಹೋಗುವಾಗ ಈ ಕೆಲಸ ಯಾರದೆಂಬುದು ಮನೆಯಲ್ಲಿನ್ನೂ ತೀರ್ಮಾನವಾಗಿಲ್ಲ.