ಒಬ್ಬರಲ್ಲಷ್ಟೇ ಇರುವ ಅಕ್ಷರ

ಅಪ್ಪನಿಂದೊಂದು, ಅಮ್ಮನಿಂದೊಂದು ಎಂದು ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳ ಎರಡು ಪ್ರತಿ ನಮಗೆ ಬರುತ್ತವೆ. ಬರುವಾಗಲೇ ಅರವತ್ತು ಎಪ್ಪತ್ತು ಕಡೆ ಅಕ್ಷರ ಹೊಸದಾಗಿ ಬದಲಾಗಿರುತ್ತದೆ. ಅಪ್ಪನಲ್ಲೂ ಇರಲಿಲ್ಲ, ಅಮ್ಮನಲ್ಲೂ ಇರಲಿಲ್ಲ. ತನ್ನದೇ ಆದ ಅಪರೂಪದ ಅಕ್ಷರವಿಲ್ಲದ ಮನುಷ್ಯನೇ ಇಲ್ಲ ಎನ್ನಬಹುದು.

ಅಂಥದೊಂದು ಅಕ್ಷರ ರೋಗ ತರುತ್ತದೆಯೇ ಎಂದು ತಿಳಿಯುವುದು ಹೇಗೆ? ಸಂಖ್ಯಾಶಾಸ್ತ್ರಕ್ಕೆ ಮತ್ತೆ ಮತ್ತೆ ಕಾಣುವ ಸಂಗತಿ ಬೇಕು. ಒಬ್ಬರಲ್ಲಷ್ಟೇ ಇರುವುದಕ್ಕೆ ಸರಾಸರಿ ಎಲ್ಲಿಯದು?

2004ರಲ್ಲಿ ಡಲ್ಲಾಸ್‌ನ ವಿಜ್ಞಾನಿಗಳಾದ ಜೊನಾಥನ್ ಕೊಹೆನ್, ಹೆಲೆನ್ ಹಾಬ್ಸ್ ಮತ್ತು ಸಂಗಡಿಗರು 'ಒಳ್ಳೆಯ ಕೊಲೆಸ್ಟರಾಲ್' ತೀರಾ ಕಡಿಮೆಯಿದ್ದ 128 ಜನರನ್ನೂ ತೀರಾ ಹೆಚ್ಚಿದ್ದ 128 ಜನರನ್ನೂ ಆರಿಸಿ, ಮೂರೇ ಜೀನ್‌ಗಳನ್ನು ಓದಿದರು. ಯಾವ ಅಕ್ಷರ ಕೆಟ್ಟಿದೆ ಎಂಬುದನ್ನು ಪಕ್ಕಕ್ಕಿಟ್ಟು, ಪ್ರೋಟೀನನ್ನು ಬದಲಿಸುವ ಅಪರೂಪದ ವ್ಯತ್ಯಾಸ ಈ ಜೀನ್‌ಗಳಲ್ಲಿ ಇದೆಯೋ ಇಲ್ಲವೋ ಎಂದಷ್ಟೇ ಎಣಿಸಿದರು. ಕಡಿಮೆಯವರಲ್ಲಿ ನೂರಕ್ಕೆ 16, ಹೆಚ್ಚಿನವರಲ್ಲಿ ನೂರಕ್ಕೆ 2. ಬಿಡಿಯಾಗಿ ಏನನ್ನೂ ಹೇಳಲಾರದವು, ಜೀನ್‌ಗಳ ಹೆಸರಿನಡಿ ಒಟ್ಟು ಸೇರಿದಾಗ ಸಾಕ್ಷಿ ನುಡಿದವು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಒಂದೇ ಜೀನ್‌ನಲ್ಲಿ ಕೆಲವು ಬದಲಾವಣೆ ಕೆಡಿಸುತ್ತವೆ, ಕೆಲವು ಕಾಯುತ್ತವೆ. ಸುಮ್ಮನೆ ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. 2011ರಲ್ಲಿ ಸಂಖ್ಯಾಶಾಸ್ತ್ರಜ್ಞೆ ಶಿಹೊಂಗ್ ಲಿನ್ ಅವರ ತಂಡ ಪ್ರಕಟಿಸಿದ 'ಸ್ಕ್ಯಾಟ್' ವಿಧಾನ, ಪ್ರತಿಯೊಂದರ ಏರುಪೇರನ್ನು ಮೊದಲು ವರ್ಗ ಮಾಡಿ ಆಮೇಲೆ ಕೂಡುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ: ಹೈಸ್ಕೂಲಿನ ಆ ಪಾಠವೇ ಇಲ್ಲಿ ಕೆಲಸಕ್ಕೆ ಬಂದಿದೆ! ಇಷ್ಟಾದರೂ ಅವಸರಪಟ್ಟು ನಂಬುವಂತಿಲ್ಲ. ಸುಮಾರು 20,000 ಜೀನ್‌ಗಳನ್ನು ಜಾಲಾಡುವಾಗ ಆಕಸ್ಮಿಕವೂ ಸತ್ಯದ ವೇಷ ಹಾಕುತ್ತದೆ. ಅದಕ್ಕೇ, ಅಂಥ ಫಲ ತಾನಾಗಿ ಬರುವ ಸಂಭವ 4 ಲಕ್ಷಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಮಾತ್ರ ಒಪ್ಪುವುದು ರೂಢಿ. ಈ ಸಂಯಮವನ್ನು ನಾನು ಬೆರಗಿನಷ್ಟೇ ಗೌರವಿಸುತ್ತೇನೆ.

ಕೆಟ್ಟ ಅಕ್ಷರ ಕಾಯುವುದೂ ಉಂಟು. ಕೊಹೆನ್ ಮತ್ತು ಹಾಬ್ಸ್ 2005ರಲ್ಲಿ ಪಿಸಿಎಸ್‌ಕೆ9 ಜೀನ್‌ನ ಕೆಲಸವನ್ನೇ ನಿಲ್ಲಿಸುವ ಬದಲಾವಣೆಗಳನ್ನು ಕಂಡರು. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಸುಮಾರು ಐವತ್ತಕ್ಕೆ ಒಬ್ಬರಲ್ಲಿ ಅವು ಇದ್ದವು. ಅಂಥವರ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಕಡಿಮೆ. ಹೃದಯಾಘಾತದಂಥ ಕಾಯಿಲೆಯ ಅಪಾಯ ಶೇ. 88ರಷ್ಟು ಕಡಿಮೆಯೆಂದು ಮರುವರ್ಷ ತಿಳಿಯಿತು. ಅವರ ದೇಹ ಹುಟ್ಟಿನಿಂದಲೇ ಮಾಡುತ್ತಿದ್ದುದನ್ನು ಔಷಧದಿಂದ ಮಾಡಿಸುವ ಎರಡು ಚುಚ್ಚುಮದ್ದುಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.