ತಿಂಗಳ ನೇಮವೂ ಲಕ್ಕಮ್ಮನವರ ಅಳತೆಯೂ



ಕಾಲವು ಶಿವನು ಜೀವನಿಗೆ ಕೊಟ್ಟಿರುವ ಮೂಲಧನವು. ವರ್ತಕನು ತನ್ನ ಮೂಲಧನದ ಆಯವ್ಯಯವನ್ನು ಕೀರ್ದಿಯಲ್ಲಿ ಬರೆದು, ಖಾತೆಗೆ ಏರಿಸಿ, ತಿಂಗಳ ಕೊನೆಗೆ ಶಿಲ್ಕನ್ನು ಎಣಿಸಿ ನೋಡುವನು. ಆದರೆ ಕಳೆದ ತಿಂಗಳ ಹಗಲಿರುಳುಗಳು ಎಲ್ಲಿ ಹೋದವೆಂದು ಕೇಳಿದರೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ವಿರಳ. ಈಚೆಗೆ ಪಟ್ಟಣದ ಅಂಗಡಿಗಳಲ್ಲಿ ಇದಕ್ಕೆಂದೇ ಗೆರೆ ಹಾಕಿ ಮನೆಗಳನ್ನು ಮಾಡಿದ ಪುಸ್ತಕಗಳು ದೊರೆಯುತ್ತವೆ. ಅವಕ್ಕೆ ಪ್ಲಾನರ್ ಎಂದು ಹೆಸರು. ತಿಂಗಳ ಮೊದಲಿಗೆ ಇಂತಿಂಥದನ್ನು ಸಾಧಿಸುವೆನೆಂದು ಬರೆದು, ನಡೆದ ದಿನಕ್ಕೆ ಗುರುತು ಹಾಕುತ್ತ ಹೋಗುವುದು ಇದರ ಕ್ರಮ. ಇಂತಹ ಲೆಕ್ಕವು ನಮ್ಮ ಆಚಾರಕ್ಕೆ ಒಪ್ಪುವುದೇ ಎಂದು ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಕೇಳುತ್ತಿರುವರು. ಅದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಲೆಕ್ಕವು ಭಕ್ತಿಗೆ ಹೊರಗೆಂದು ಭಾವಿಸಬೇಕಾಗಿಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನೇ ಹೊತ್ತಿದ್ದವರು. ನೇಮವೂ ಹೊಸತಲ್ಲ. ಶರಣೆ ಅಕ್ಕಮ್ಮನವರು ತಮ್ಮ ವಚನಗಳಿಗೆ ಇಟ್ಟುಕೊಂಡ ಅಂಕಿತವೇ ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂಬುದು.

ಪೂಜಾರಂಭದಲ್ಲಿ ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳಿ ಸಂಕಲ್ಪ ಮಾಡುವ ಪದ್ಧತಿಯನ್ನು ಬಲ್ಲಿರಷ್ಟೆ. ಆ ಶಬ್ದದ ಮೂಲಧಾತುವಿಗೆ ಸಾಮರ್ಥ್ಯವೆಂದು ಅರ್ಥ. ಬಯಸಿದ್ದೆಲ್ಲ ಸಂಕಲ್ಪವಾಗದು, ತನ್ನ ಅಳವಿಗೆ ಒಳಪಟ್ಟದ್ದು ಮಾತ್ರ ಸಂಕಲ್ಪ. ‘ಈ ತಿಂಗಳು ಕೋಪವನ್ನು ಗೆಲ್ಲುವೆನು’ ಎಂದು ಬರೆದವನು ಮೂರನೆಯ ದಿನಕ್ಕೇ ಸೋತು ಪುಸ್ತಕವನ್ನು ಅಟ್ಟಕ್ಕೆ ಹಾಕುವನು. ‘ಊಟಕ್ಕೆ ಕುಳಿತಾಗ ಮನೆಯವರನ್ನು ಗದರುವುದಿಲ್ಲ’ ಎಂದು ಬರೆದವನಿಗೆ, ನಡೆಯಿತೋ ಇಲ್ಲವೋ ಎಂಬುದು ಆ ರಾತ್ರಿಯೇ ತಿಳಿಯುವುದು.

ಆದರೆ ಈ ಪುಸ್ತಕಗಳಲ್ಲಿ ಒಂದು ಅಪಾಯವುಂಟು. ಈ ತಿಂಗಳು ಹತ್ತಾದರೆ ಬರುವ ತಿಂಗಳು ಇಪ್ಪತ್ತಾಗಲಿ ಎಂದು ಅವು ಮನಸ್ಸನ್ನು ಕೆಣಕುತ್ತವೆ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ನೆನೆಯಬೇಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಲ್ಲಿ ಮಾರಯ್ಯನವರ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅನುಭಾವಗೋಷ್ಠಿಯಲ್ಲಿ ಮೈಮರೆತು ಅವರು ಕಾಯಕವನ್ನು ಮರೆತರು, ಲಕ್ಕಮ್ಮನವರು ಎಚ್ಚರಿಸಿದರು. ಮತ್ತೊಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಆ ತಾಯಿ ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಮೊದಲನೆಯ ಪ್ರಸಂಗವನ್ನು ಪ್ರವಚನಗಳಲ್ಲಿ ನಾವು ಉತ್ಸಾಹದಿಂದ ಹೇಳುವೆವು. ಎರಡನೆಯದನ್ನು ಹೇಳುವಾಗ, ಅದೇಕೋ, ದನಿ ತಗ್ಗುವುದು. ಕೊರೆಯಾದಾಗ ಎಚ್ಚರಿಸಿದ ಮನಸ್ಸೇ ಹೆಚ್ಚಾದಾಗ ತಡೆಯಿತು. ತಿಂಗಳ ಪುಸ್ತಕದಲ್ಲಿ ಇಷ್ಟಕ್ಕೆ ಕಡಿಮೆಯಾಗಬಾರದೆಂಬ ಗೆರೆಯಿರುವಂತೆ ಇಷ್ಟಕ್ಕೆ ಮೀರಬಾರದೆಂಬ ಗೆರೆಯೂ ಬೇಕು. ರಾತ್ರಿ ಎಂಟಕ್ಕೆ ಅಂಗಡಿಯ ಬಾಗಿಲು ಹಾಕುವೆನೆಂಬುದೂ ನೇಮವೇ. ಮನೆಯ ವೆಚ್ಚಕ್ಕೆ ಇಷ್ಟು, ಮಿಕ್ಕದ್ದು ದಾಸೋಹಕ್ಕೆ ಎಂಬುದೂ ನೇಮವೇ. ಇಂಥವನ್ನು ಯಾರೂ ಅಚ್ಚು ಹಾಕಿಕೊಡರು, ಗೃಹಸ್ಥನೇ ಬರೆದುಕೊಳ್ಳತಕ್ಕದ್ದು.

ಪರಿಚಿತ ವರ್ತಕರೊಬ್ಬರು ಕಳೆದ ಶ್ರಾವಣದ ತಮ್ಮ ಪುಸ್ತಕವನ್ನು ತೋರಿಸಿದರು. ಲಿಂಗಪೂಜೆ, ವಚನಪಾರಾಯಣ, ಸೋಮವಾರದ ಉಪವಾಸ, ಬೆಳಗಿನ ನಡಿಗೆ ಎಂದು ಹನ್ನೊಂದು ಸಾಲುಗಳು. ಒಂದು ಮನೆಯೂ ಬರಿದಾಗಿರಲಿಲ್ಲ. ಹಾಳೆ ತಿರುವುತ್ತಿದ್ದಂತೆ ಅವರೇ ಮೆಲ್ಲನೆ ಹೇಳಿದರು: ಅದೇ ತಿಂಗಳಲ್ಲಿ ಅಂಗಡಿಯ ಆಳು ತಾಯಿಯ ಔಷಧಕ್ಕೆಂದು ಎರಡು ಸಲ ಮುಂಗಡ ಕೇಳಿದ್ದನಂತೆ, ಎರಡು ಸಲವೂ ‘ಈಗ ಪೂಜೆಯ ಹೊತ್ತು, ಆಮೇಲೆ ಬಾ’ ಎಂದರಂತೆ, ಆಮೇಲೆ ಅವನು ಕೇಳಲೇ ಇಲ್ಲ. ಇದಕ್ಕೆ ಪುಸ್ತಕದಲ್ಲಿ ಸಾಲು ಇರಲಿಲ್ಲ. ಲಿಂಗಾಚಾರದೊಡನೆ ಸದಾಚಾರವನ್ನೂ ಭೃತ್ಯಾಚಾರವನ್ನೂ ಸೇರಿಸಿ ಪಂಚಾಚಾರವೆಂದು ಹಿರಿಯರು ಹೇಳಿರುವಾಗ, ಒಂದರ ಮನೆಗಳನ್ನು ತುಂಬಿ ಮಿಕ್ಕವನ್ನು ಮರೆತರೆ ಅದು ಆಚಾರವೆನಿಸದು. ಅವರಿಗೆ ನಾನೇನೂ ಹೇಳಬೇಕಾಗಲಿಲ್ಲ. ಭಾದ್ರಪದಕ್ಕೆ ಅವರು ಲಿಂಗಪೂಜೆಯೊಂದನ್ನು ಉಳಿಸಿ, ಮಿಕ್ಕ ಹತ್ತು ಸಾಲುಗಳನ್ನು ಹೊಡೆದುಹಾಕಿ, ಕೆಳಗೆ ಹೀಗೆ ಬರೆದುಕೊಂಡರು: ಕೇಳಿಕೊಂಡು ಬಂದವರಿಗೆ ಆ ದಿನವೇ ಉತ್ತರ.

ನೇಮ ತಪ್ಪಿದ ದಿನದ ಮನೆಯನ್ನು ಬರಿದಾಗಿಯೇ ಬಿಡಬೇಕು. ಮರುದಿನ ತುಂಬಿದ ಗುರುತು ಹುಸಿ. ಹುಸಿಯನ್ನು ನುಡಿದರೇನು, ಬರೆದರೇನು? ಪುಸ್ತಕವನ್ನು ಮೆರೆಸುವುದೂ ಸಲ್ಲದು. ಈಗಂತೂ ಹಾಳೆಯ ಚಿತ್ರ ತೆಗೆದು ಮೊಬೈಲಿನಲ್ಲಿ ಹತ್ತು ಜನಕ್ಕೆ ಕಳುಹಿಸುವ ಚಾಪಲ್ಯವೊಂದು ಸೇರಿಕೊಂಡಿದೆ.

ಬೆಲೆಯುಳ್ಳ ಪುಸ್ತಕವೇ ಆಗಬೇಕೆಂದಿಲ್ಲ. ಮಕ್ಕಳ ನೋಟುಪುಸ್ತಕ ಸಾಕು. ಚಾಂದ್ರಮಾಸವು ಒಮ್ಮೆ 29, ಒಮ್ಮೆ 30 ದಿನ. ಅಷ್ಟು ಮನೆಗಳನ್ನು ಗೆರೆ ಎಳೆದು ಮಾಡಿಕೊಳ್ಳಿರಿ. ಕಚೇರಿಯ ನೌಕರರು ತಮ್ಮ ಸಂಬಳದ ತಿಂಗಳನ್ನೇ ಅನುಸರಿಸಲಿ, ದೋಷವಿಲ್ಲ. ನೇಮಗಳು ಎರಡಿರಲಿ, ಮೂರನ್ನು ಮೀರದಿರಲಿ. ಬಲಗಡೆ ಒಂದಂಗುಲ ಜಾಗ ಬಿಟ್ಟು ತಪ್ಪಿದ ದಿನದ ಕಾರಣವನ್ನು ಒಂದೇ ಶಬ್ದದಲ್ಲಿ ಬರೆಯಿರಿ: ಜ್ವರ, ಪ್ರಯಾಣ, ಆಲಸ್ಯ. ‘ಅತಿಥಿ’ ಎಂದಿದ್ದರೆ ಅದನ್ನು ತಪ್ಪೆಂದು ಎಣಿಸಬೇಡಿರಿ. ಜಂಗಮರು ಬಾಗಿಲಿಗೆ ಬಂದಾಗ ಪುಸ್ತಕವು ಕಾಯಬಹುದು. ಅಮಾವಾಸ್ಯೆಯ ಸಂಜೆ ಪೂಜೆಯ ತರುವಾಯ ಸತಿಪತಿಗಳಿಬ್ಬರೂ ಕುಳಿತು ಓದಿಕೊಳ್ಳಲಿ. ಯಜಮಾನರು ಮನೆಯಾಕೆಯ ಮಾತನ್ನು ಮೊದಲು ಕೇಳಲಿ. ಆ ರಾತ್ರಿಯೇ ಮುಂದಿನ ತಿಂಗಳ ಗೆರೆಗಳನ್ನು ಎಳೆದಿಟ್ಟು ಮಲಗಿದರೆ, ಪಾಡ್ಯದ ಬೆಳಿಗ್ಗೆ ಪೆನ್ಸಿಲು ಸಿಕ್ಕಲಿಲ್ಲವೆಂಬ ನೆಪಕ್ಕೆ ಎಡೆಯಿರದು.